ಬರೆಯುವ ಕೋಣೆ, ನೀರಿನ ದಾರಿ: ಒಂದು ಪ್ರಕರಣ ಅಧ್ಯಯನ

ಕೋಣೆ ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದವಿತ್ತು. ಹಸಿ ಇಟ್ಟಿಗೆಯ ಗೋಡೆ, ಹೆಂಚಿನ ಮಾಡು, ಪೂರ್ವಕ್ಕೊಂದು ದೊಡ್ಡ ಕಿಟಕಿ. ಎರಡು ವರ್ಷ ನಾಲ್ಕು ತಿಂಗಳು ನಿಂತಿತ್ತು. ಬೀಳಲು ನಲವತ್ತು ನಿಮಿಷ ಸಾಕಾಯಿತು.

ಇದರ ಬಗ್ಗೆ ಈಗಾಗಲೇ ಎರಡು ಸಲ ಬರೆದಿದ್ದೇನೆ. ಎರಡೂ ಲಲಿತ ಪ್ರಬಂಧಗಳು, ಎರಡನ್ನೂ ಓದುಗರು ಮೆಚ್ಚಿಕೊಂಡರು, ಎರಡರಲ್ಲೂ ಸುಳ್ಳಿತ್ತು. ಒಂದರಲ್ಲಿ ಪ್ರಕೃತಿ ನನಗೆ ಪಾಠ ಕಲಿಸಿತು, ಇನ್ನೊಂದರಲ್ಲಿ ನಾನು ಪ್ರಕೃತಿಗೆ ಶರಣಾದೆ. ನಡೆದದ್ದು ಎರಡೂ ಅಲ್ಲ. ನೀರು ಹರಿಯುವ ಜಾಗದಲ್ಲಿ ಕೋಣೆ ಕಟ್ಟಿದೆ, ನೀರು ಹರಿಯಿತು. ಅಲ್ಲಿ ನೀರು ಬರುತ್ತದೆ ಎಂದು ಒಬ್ಬರು ಮೊದಲೇ ಹೇಳಿದ್ದರು. ಆ ಮಾತು ನನ್ನ ಕಿವಿಗೆ ಬಿದ್ದಿತ್ತು, ಮನಸ್ಸಿಗೆ ಹಿಡಿಸಿತ್ತು, ದಿನಚರಿಯಲ್ಲಿ ಬರೆದೂ ಇಟ್ಟಿದ್ದೆ. ಆದರೂ ಕಟ್ಟಿದೆ. ಅದು ಹೇಗಾಯಿತು ಎಂಬುದಷ್ಟೇ ಇಲ್ಲಿನ ವಿಷಯ. ಪ್ರಬಂಧದ ಧಾಟಿಯ ಮೇಲೆ ನನಗೆ ನಂಬಿಕೆ ಹೋಗಿರುವುದರಿಂದ ಈ ಸಲ ಪ್ರಕರಣ ಅಧ್ಯಯನದ ರೂಪ ಆರಿಸಿಕೊಂಡಿದ್ದೇನೆ: ಯಾರು, ಎಲ್ಲಿ, ಯಾವಾಗ, ಎಷ್ಟು. ಎಲ್ಲಿ ಎಂದರೆ ಒಂದು ಇಳಿಜಾರಿನ ಕೆಳಗೆ. ಊರಿನ ಹೆಸರಿನಿಂದ ಓದುಗರಿಗೆ ಏನೂ ತಿಳಿಯುವುದಿಲ್ಲ. ಇಳಿಜಾರು ಯಾವ ಕಡೆಗಿದೆ ಎಂಬುದರಿಂದ ತಿಳಿಯುತ್ತದೆ.

ಹಿನ್ನೆಲೆ

ನಗರ ಬಿಟ್ಟಾಗ ನನಗೆ ನಲವತ್ತೊಂದು ವರ್ಷ. ಹತ್ತೊಂಬತ್ತು ವರ್ಷ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಉಪಸಂಪಾದಕನಾಗಿದ್ದೆ. ಬೇರೆಯವರ ವಾಕ್ಯಗಳನ್ನು ರಾತ್ರಿ ಎರಡು ಗಂಟೆಯವರೆಗೆ ತಿದ್ದಿ, ಬೆಳಿಗ್ಗೆ ನನ್ನ ವಾಕ್ಯ ಬರೆಯಲು ಕುಳಿತರೆ ಅದೂ ಬೇರೆಯವರದ್ದರಂತೆಯೇ ಕಾಣುತ್ತಿತ್ತು. ಕಾರಣ ಸಮಯದ ಅಭಾವ ಎಂದುಕೊಂಡೆ. ಗದ್ದಲವೂ ಇರಬಹುದು ಎನ್ನಿಸಿತು. ಎರಡಕ್ಕೂ ಮದ್ದು ಹಳ್ಳಿಯಲ್ಲಿದೆ ಎಂದು ನಗರದಲ್ಲಿ ಕುಳಿತು ತೀರ್ಮಾನಿಸಿದೆ.

ಕೊಂಡದ್ದು ನಾಲ್ಕು ಎಕರೆ. ಮೇಲೆ ಕುರುಚಲು ಬೆಟ್ಟ, ಕೆಳಗೆ ಹಳ್ಳ, ನಡುವೆ ಬದುಗಳಿಂದ ಮೂರು ತಾಕುಗಳಾಗಿ ಹಂಚಿಕೊಂಡ ಹೊಲ. ‘ದೂರದ ಬೆಟ್ಟ ನುಣ್ಣಗೆ ಕಾಣುತ್ತದೆ, ಯೋಚನೆ ಮಾಡು’ ಎಂದು ಗೆಳೆಯರು ಎಚ್ಚರಿಸಿದರು. ನನ್ನ ಬೆಟ್ಟ ದೂರವಿರಲಿಲ್ಲ, ಹಿತ್ತಿಲಿಗೆ ತಾಗಿಕೊಂಡೇ ಇತ್ತು. ನುಣ್ಣಗೂ ಇರಲಿಲ್ಲ. ಅದರಿಂದ ಇಳಿದು ಬರುವ ನೀರಿನ ಬಗ್ಗೆ ಮಾತ್ರ ಯಾವ ಗೆಳೆಯನಿಗೂ ಗಾದೆ ಗೊತ್ತಿರಲಿಲ್ಲ.

ಮೊದಲ ವರ್ಷ ಬರೆದದ್ದು ಬಹಳ. ತಿಂಗಳಿಗೆ ಎರಡು ಅಂಕಣ, ಅದರ ಜೊತೆಗೆ ದಿನಚರಿ. ಉಳುಮೆಯ ಸಾಲಿಗೂ ಬರಹದ ಸಾಲಿಗೂ ಕನ್ನಡದಲ್ಲಿ ಒಂದೇ ಪದವಿದೆ ಎಂಬ ಸಂಗತಿಯನ್ನು ಮೂರನೆಯ ವಾರದಲ್ಲೇ ಒಂದು ಅಂಕಣಕ್ಕೆ ಬಳಸಿ ಮುಗಿಸಿದ್ದೆ. ಆಗಿನ್ನೂ ನಾನು ಒಂದು ಸಾಲನ್ನೂ ಉತ್ತಿರಲಿಲ್ಲ. ಬಾಡಿಗೆ ಟ್ರ್ಯಾಕ್ಟರಿನವನು ಬಂದು ಬೆಟ್ಟದಿಂದ ಹಳ್ಳದ ಕಡೆಗೆ, ಮೇಲಿನಿಂದ ಕೆಳಕ್ಕೆ, ನೇರವಾಗಿ ಉತ್ತು ಹೋದ. ಹಾಗೆ ಉತ್ತರೆ ತಿರುವು ಕಡಿಮೆ, ಡೀಸೆಲ್ ಉಳಿಯುತ್ತದೆ ಎಂದ. ಸಾಲುಗಳು ನೋಡಲು ಚೆನ್ನಾಗಿದ್ದವು. ಫೋಟೋ ತೆಗೆದೆ.

ಯಾರ ದುಡ್ಡಿನಲ್ಲಿ

ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಗರ ಬಿಟ್ಟವರ ಬರಹಗಳಲ್ಲಿ ಹೆಚ್ಚಾಗಿ ಕಾಣೆಯಾಗುವ ಪುಟ ಇದೇ. ನನ್ನ ಹೆಂಡತಿ ಲೆಕ್ಕಪರಿಶೋಧಕಿ. ಹಳ್ಳಿಗೆ ಬಂದ ಮೇಲೂ ಹಳೆಯ ಕಕ್ಷಿದಾರರನ್ನು ಬಿಡಲಿಲ್ಲ. ಲ್ಯಾಪ್‌ಟಾಪ್ ಇಟ್ಟುಕೊಂಡು, ಸಿಗ್ನಲ್ ಸಿಗುವ ಒಂದೇ ಮೂಲೆಯಲ್ಲಿ ಕುಳಿತು ಕೆಲಸ ಮಾಡಿದಳು. ಮನೆ ನಡೆದದ್ದು ಅದರಿಂದ. ಹೊಲ ನಡೆದದ್ದೂ ಅದರಿಂದಲೇ. ನನ್ನ ಅಂಕಣಗಳಲ್ಲಿ ಅವಳು ಕೆಲವೊಮ್ಮೆ ದೀಪ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿರುತ್ತಿದ್ದಳು, ಅಷ್ಟೇ.

ಇದು ನನ್ನೊಬ್ಬನ ಕಥೆಯಲ್ಲ. ರೋಮಿನ ಕವಿ ಹೊರೇಸ್ ಹಾಡಿ ಹೊಗಳಿದ ಸಬೈನ್ ಬೆಟ್ಟಗಳ ತೋಟ ಅವನ ಆಶ್ರಯದಾತ ಮಿಸೀನಸ್ ಕೊಟ್ಟ ಉಡುಗೊರೆ. ಅದನ್ನು ದುಡಿದು ನಡೆಸಲು ಎಂಟು ಮಂದಿ ಗುಲಾಮರಿದ್ದರು. ಅಮೆರಿಕದ ಲೇಖಕ ಥೋರೋ 1845ರ ಜುಲೈ 4ರಂದು ವಾಲ್ಡನ್ ಕೊಳದ ಬದಿಯ ಗುಡಿಸಲಿಗೆ ಹೋದನಲ್ಲ, ಆ ಜಮೀನು ಅವನ ಗೆಳೆಯ, ಲೇಖಕ ಎಮರ್ಸನ್‌ನದು. ಆದರೆ ಥೋರೋನಲ್ಲಿ ಒಂದು ಗುಣವಿತ್ತು, ಲೆಕ್ಕ ಇಡುತ್ತಿದ್ದ. ಎರಡೂವರೆ ಎಕರೆಯಷ್ಟು ನೆಲದಲ್ಲಿ ಹೆಚ್ಚಾಗಿ ಹುರುಳಿಕಾಯಿ ಬಿತ್ತಿ, ಸಾಲುಗಳ ಒಟ್ಟು ಉದ್ದ ಏಳು ಮೈಲಿ ಎಂದು ಅಳೆದು, ವರ್ಷದ ಕೊನೆಗೆ ಉಳಿದದ್ದು ಎಂಟು ಡಾಲರ್ ಎಪ್ಪತ್ತೊಂದೂವರೆ ಸೆಂಟ್ ಎಂದು ಬರೆದಿಟ್ಟ. ಆ ಅರ್ಧ ಸೆಂಟಿನ ಮೇಲೆ ನನಗೆ ಗೌರವವಿದೆ. ಅಮೆರಿಕದ ಪ್ರಬಂಧಕಾರ ಇ.ಬಿ. ವೈಟ್ 1938ರಲ್ಲಿ ನ್ಯೂಯಾರ್ಕ್ ಬಿಟ್ಟು ಮೇಯ್ನ್ ರಾಜ್ಯದ ಕಡಲ ಬದಿಯ ತೋಟಕ್ಕೆ ಹೋದಾಗ ಹಾರ್ಪರ್ಸ್ ಪತ್ರಿಕೆಗೆ ತಿಂಗಳ ಅಂಕಣ ಬರೆಯುವ ಕೆಲಸ ಕೈಯಲ್ಲಿತ್ತು. ಅವರ ಹೆಂಡತಿ ಕ್ಯಾಥರೀನ್ ದಿ ನ್ಯೂಯಾರ್ಕರ್ ಪತ್ರಿಕೆಯ ಸಂಪಾದನೆಯನ್ನು ಅಲ್ಲಿಂದಲೇ ಒಂದಷ್ಟು ಮುಂದುವರಿಸಿದರು. ಇದನ್ನು ಓದಿ ಹೇಳಿದಾಗ ನನ್ನವಳು ತಲೆ ಎತ್ತದೆ, ‘ಆಕೆಗೂ ಸಿಗ್ನಲ್ ಒಂದೇ ಮೂಲೆಯಲ್ಲಿ ಸಿಗುತ್ತಿತ್ತೇನು?’ ಎಂದಳು.

ಸಲಹೆ

ಎರಡನೆಯ ಬೇಸಿಗೆಯಲ್ಲಿ ಬರೆಯಲು ಬೇರೆ ಕೋಣೆ ಬೇಕೆನ್ನಿಸಿತು. ಜಾಗ ಹುಡುಕಲು ಕಷ್ಟಪಡಲಿಲ್ಲ. ಹೊಲದ ಮೇಲ್ತುದಿಯಲ್ಲಿ ಸಣ್ಣ ತಗ್ಗೊಂದಿತ್ತು, ಅಂಗೈಯನ್ನು ಸ್ವಲ್ಪ ಮಡಿಸಿದಂತೆ. ಅಲ್ಲಿ ಮಣ್ಣಿನ ಬಣ್ಣ ಸುತ್ತಲಿಗಿಂತ ಕಪ್ಪು. ಬೇಸಿಗೆಯಲ್ಲಿ ಉಳಿದ ಕಡೆ ಹುಲ್ಲು ಒಣಗಿದ್ದರೂ ಅಲ್ಲಿ ಇನ್ನೊಂದು ತಿಂಗಳು ಹಸಿರು ಉಳಿಯುತ್ತಿತ್ತು. ಕೆಳಗಿನ ಅಂಚಿನಲ್ಲಿ ಯಾರೋ ಎಂದೋ ಬೆಳೆಸಿದ ದಪ್ಪ ಹುಲ್ಲಿನ ಪಟ್ಟಿ, ಎಂಟು ಹತ್ತು ಅಡಿ ಅಗಲ. ಹೊಲದ ಬೇರೆ ಕಲ್ಲುಗಳೆಲ್ಲ ಚೂಪು. ಇಲ್ಲಿಯವು ಮಾತ್ರ ಮೂಲೆ ಸವೆದು ನುಣುಪಾಗಿದ್ದವು.

ಈ ನಾಲ್ಕೂ ಸಂಗತಿಗಳು ನನ್ನ ದಿನಚರಿಯಲ್ಲಿ ಆ ಕಾಲದ ತಾರೀಖುಗಳ ಕೆಳಗೆ ದಾಖಲಾಗಿವೆ. ಗಮನಿಸಲಿಲ್ಲ ಎಂದು ನಾನು ಹೇಳುವಂತಿಲ್ಲ. ‘ಇಲ್ಲಿ ಮಣ್ಣು ನೆನಪಿನ ಬಣ್ಣದ್ದು’ ಎಂದು ಬರೆದಿದ್ದೇನೆ. ‘ಹಸಿರಿಗೆ ಇಲ್ಲಿಂದ ಹೋಗಲು ಮನಸ್ಸಿಲ್ಲ’ ಎಂದು ಇನ್ನೊಂದು ಕಡೆ. ನುಣುಪಾದ ಒಂದು ಕಲ್ಲನ್ನು, ತೂಕ ಅಂದಾಜು ಮುಕ್ಕಾಲು ಕಿಲೋ, ತಂದು ಕಾಗದ ಹಾರದಂತೆ ಮೇಜಿನ ಮೇಲಿಟ್ಟುಕೊಂಡೆ. ಮುಂದೆ ಎರಡು ವರ್ಷ ಆ ಕಲ್ಲಿನ ಎದುರು ಕುಳಿತು ಬರೆದೆ. ಕಲ್ಲು ತಾನಾಗಿ ಸವೆಯುವುದಿಲ್ಲ, ಯಾವುದೋ ನೀರು ಉರುಳಿಸಿ ಉರುಳಿಸಿ ಸವೆಸಿರಬೇಕು ಎಂಬುದು ಹೈಸ್ಕೂಲಿನ ಭೂಗೋಳ. ನನಗೆ ಅದು ಗೊತ್ತಿತ್ತು.

ಪಾಯದ ಗುರುತು ಹಾಕಿದ ದಿನ ಪಕ್ಕದ ಹೊಲದ ಅಕ್ಕ ಬಂದರು. ಅರವತ್ತು ದಾಟಿದವರು. ನಾನು ಅವರನ್ನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು ಸ್ವಾಮಿ ಎನ್ನುತ್ತಿದ್ದರು. ಸೊಂಟದ ಮೇಲೆ ಕೈಯಿಟ್ಟು, ನಾಲ್ಕು ಗೂಟಗಳನ್ನೂ ಕಟ್ಟಿದ ದಾರವನ್ನೂ ನೋಡಿದರು.

‘ಇಲ್ಲಿ ಕಟ್ಟುತ್ತೀರಾ ಸ್ವಾಮಿ?’

‘ಹೌದಕ್ಕ. ಕಿಟಕಿಯಿಂದ ಇಡೀ ಹೊಲ ಕಾಣುತ್ತದೆ.’

‘ಇಲ್ಲಿ ನೀರು ಬರುತ್ತದೆ.’

‘ಹೋದ ಮಳೆಗಾಲದಲ್ಲಿ ಬರಲಿಲ್ಲವಲ್ಲ.’

‘ಬರಲಿಲ್ಲ. ಆದರೆ ನೀರು ದಾರಿ ಮರೆಯುವುದಿಲ್ಲ ಸ್ವಾಮಿ. ಇಪ್ಪತ್ತು ವರ್ಷ ಬಿಟ್ಟಾದರೂ ಬರುತ್ತದೆ.’

ಅವರು ಹೋದ ಕೂಡಲೇ ದಿನಚರಿ ತೆಗೆದೆ. ‘ನೀರು ದಾರಿ ಮರೆಯುವುದಿಲ್ಲ’ ಎಂದು ಬರೆದು ಎರಡು ಗೆರೆ ಎಳೆದೆ. ಮುಂದಿನ ಅಂಕಣದ ಶೀರ್ಷಿಕೆ ಅದೇ ಆಯಿತು. ಊರು ಬಿಟ್ಟವರ ಬಗ್ಗೆ, ಮರಳುವ ಆಸೆಯ ಬಗ್ಗೆ, ಅಪ್ಪನ ಬಗ್ಗೆ ಬರೆದೆ. ತುಂಬ ಚೆನ್ನಾಗಿತ್ತು ಎಂದು ಈಗಲೂ ಹೇಳುವವರಿದ್ದಾರೆ. ಅಂಕಣ ಅಚ್ಚಾದ ವಾರ ಪಾಯ ತೆಗೆದು ಕಲ್ಲು ಕಟ್ಟಿ ಮುಗಿಯಿತು. ಹುಲ್ಲಿನ ಪಟ್ಟಿ ಕಿಟಕಿಗೆ ಅಡ್ಡವಾಗುತ್ತಿತ್ತು, ಅಂದವೂ ಇರಲಿಲ್ಲ. ಕೂಲಿಯವರಿಗೆ ಹೇಳಿ ಬೇರು ಸಮೇತ ಕೀಳಿಸಿದೆ.

ಹಳ್ಳಿಯವರ ಬಾಯಲ್ಲಿ ಕಾವ್ಯ ತಾನಾಗಿ ಹುಟ್ಟುತ್ತದೆ ಎಂಬ ನಂಬಿಕೆ ನಮ್ಮ ಓದು ಬರಹದವರಲ್ಲಿ ಹಳೆಯದು. ಗೌರವದಿಂದ ಹುಟ್ಟಿದ ನಂಬಿಕೆಯೇ. ಆದರೆ ಅದರ ಅಡ್ಡಪರಿಣಾಮ ನೋಡಿ: ಅಕ್ಕ ಕೊಟ್ಟದ್ದು ಮಾಹಿತಿ, ನಾನು ತೆಗೆದುಕೊಂಡದ್ದು ರೂಪಕ. ಅವರ ವಾಕ್ಯದಲ್ಲಿ ನೀರು ಎಂದರೆ ನೀರು, ದಾರಿ ಎಂದರೆ ಆ ತಗ್ಗು, ಇಪ್ಪತ್ತು ವರ್ಷ ಎಂದರೆ ಇಪ್ಪತ್ತು ವರ್ಷ. ಅದನ್ನೇ ಪಟ್ಟಣದ ಎಂಜಿನಿಯರೊಬ್ಬ ‘ಇದು ಜಲಹರಿವಿನ ಪಥ, ದೊಡ್ಡ ಪ್ರವಾಹದ ಮರುಕಳಿಕೆಯ ಅವಧಿ ಇಪ್ಪತ್ತು ವರ್ಷ’ ಎಂದು ಒಣ ಭಾಷೆಯಲ್ಲಿ ಬರೆದುಕೊಟ್ಟಿದ್ದರೆ ಗೂಟ ಕಿತ್ತು ಬೇರೆ ಕಡೆ ನೆಡುತ್ತಿದ್ದೆ. ಎರಡು ಮಾತಿನಲ್ಲೂ ಇದ್ದ ವಿಷಯ ಒಂದೇ. ಅಕ್ಕನ ಮಾತು ಸುಂದರವಾಗಿದ್ದದ್ದೇ ಮುಳುವಾಯಿತು.

ಇನ್ನೂ ಒಂದು ಸಂಗತಿ ಬಹಳ ತಡವಾಗಿ ತಿಳಿಯಿತು. ಅಕ್ಕ ನನಗೆ ಹೇಳಿದ ಮೇಲೆ ನನ್ನ ಹೆಂಡತಿಗೂ ಹೇಳಿದ್ದರು. ಅವಳು ನನ್ನನ್ನು ಕೇಳಿದಳು, ನಾನು ‘ಗೊತ್ತು, ಅದರ ಮೇಲೆ ಬರೆದಿದ್ದೇನಲ್ಲ’ ಎಂದೆ. ಗಾರೆಯವನಿಗೂ ಹೇಳಿದ್ದರು, ‘ಗುರುತು ಹಾಕಿದ ಕಡೆ ಕಟ್ಟುವುದು ನನ್ನ ಕೆಲಸ’ ಎಂದನಂತೆ ಆತ. ಸ್ವಾಮಿ ಎಂದು ಕರೆಯುವವರಿಗೆ ಅದಕ್ಕಿಂತ ಹೆಚ್ಚು ಒತ್ತಿ ಹೇಳುವ ಪದ್ಧತಿ ಇರುವುದಿಲ್ಲ.

ಆ ರಾತ್ರಿ

ನಾಲ್ಕನೆಯ ಮಳೆಗಾಲದ ಎರಡನೆಯ ತಿಂಗಳು. ಹಿಂದಿನ ಐದು ದಿನ ಜಿಟಿಜಿಟಿ ಹಿಡಿದು ನೆಲ ಕುಡಿಯುವಷ್ಟು ಕುಡಿದಿತ್ತು. ರಾತ್ರಿ ಹನ್ನೊಂದಕ್ಕೆ ದೊಡ್ಡ ಹನಿ ಶುರುವಾಯಿತು. ನಾನು ಕೋಣೆಯಲ್ಲಿದ್ದೆ. ಹೆಂಚಿನ ಮೇಲಿನ ಸದ್ದು ಎಷ್ಟಿತ್ತೆಂದರೆ ಬೇರೆ ಯಾವ ಸದ್ದೂ ಕೇಳುತ್ತಿರಲಿಲ್ಲ. ಅದು ಹಿತವಾಗಿಯೂ ಇತ್ತು. ಹನ್ನೆರಡೂವರೆಗೆ ಪಾದಕ್ಕೆ ತಣ್ಣಗೆ ತಾಗಿತು. ಟಾರ್ಚ್ ಹಾಕಿದರೆ ಬಾಗಿಲ ಕೆಳಗಿನ ಸಂದಿಯಿಂದ ಕಂದು ಬಣ್ಣದ ನೀರು ಅವಸರವಿಲ್ಲದೆ ಒಳಗೆ ಬರುತ್ತಿತ್ತು. ಮೇಲೊಂದು ಇರುವೆಗಳ ಮುದ್ದೆ ತೇಲುತ್ತಿತ್ತು.

ಮೊದಲ ಹತ್ತು ನಿಮಿಷ ಪುಸ್ತಕಗಳನ್ನು ಕೆಳಗಿನ ಅರೆಯಿಂದ ಮೇಲಿನ ಅರೆಗೆ ಎತ್ತಿಟ್ಟೆ. ಇದಕ್ಕಿಂತ ದಡ್ಡ ಕೆಲಸ ಆ ಹೊತ್ತಿನಲ್ಲಿ ಇನ್ನೊಂದಿರಲಿಲ್ಲ. ಹಸಿ ಇಟ್ಟಿಗೆಯ ಗೋಡೆ ಮಳೆಯನ್ನು ತಡೆಯುತ್ತದೆ, ಬಿಸಿಲನ್ನು ತಡೆಯುತ್ತದೆ. ಬುಡದಲ್ಲಿ ನಿಂತ ನೀರನ್ನು ತಡೆಯುವುದಿಲ್ಲ. ಬುಡ ನೀರು ಹೀರಿ ಮೆತ್ತಗಾಗುತ್ತದೆ, ಮೇಲಿನ ತೂಕ ಇದ್ದಲ್ಲೇ ಇರುತ್ತದೆ. ಬೆಟ್ಟದ ಕಡೆಯ ಗೋಡೆಯಲ್ಲಿ ಮೊಣಕಾಲೆತ್ತರದಲ್ಲಿ ಅಡ್ಡ ಬಿರುಕೊಂದು ಬಿಟ್ಟು, ಅದರ ಕೆಳಗಿನ ಭಾಗ ಹೊಟ್ಟೆಯಂತೆ ಹೊರಕ್ಕೆ ಉಬ್ಬಿತು. ಆಗ ಹೊರಗೆ ಬಂದೆ. ಸದ್ದು ದೊಡ್ಡದೇನೂ ಆಗಲಿಲ್ಲ. ಗೋಡೆ ಕೂತಿತು, ಮಾಡು ಒಂದು ಕಡೆಗೆ ವಾಲಿ ಹೆಂಚುಗಳು ಸಾಲಾಗಿ ಜಾರಿದವು, ಕಿಟಕಿ ಚೌಕಟ್ಟು ಸಮೇತ ನೇರವಾಗಿ ನಿಂತುಕೊಂಡೇ ಸ್ವಲ್ಪ ದೂರ ಹೋಗಿ ಮಲಗಿತು.

ಬೆಳಕು ಹರಿಯುವ ಮುಂಚೆ ಅಕ್ಕ ಬಂದರು, ಹಿಂದೆ ಅವರ ಇಬ್ಬರು ಮಕ್ಕಳು. ನಾನು ಕೆಸರಿನಿಂದ ಪುಸ್ತಕ ಹೆಕ್ಕುತ್ತಿದ್ದೆ.

‘ತಮ್ಮ, ಪುಸ್ತಕ ಆಮೇಲೆ. ಹಾರೆ ಎಲ್ಲಿದೆ ಹುಡುಕು. ಕೆಳಗಿನ ಬದು ಒಡೆಯುತ್ತಿದೆ.’

ಅವತ್ತಿನಿಂದ ಸ್ವಾಮಿ ಹೋಗಿ ತಮ್ಮ ಬಂತು. ನೀವು ಹೋಗಿ ನೀನು ಬಂತು. ಈ ನಾಲ್ಕು ವರ್ಷದಲ್ಲಿ ನನಗೆ ಸಿಕ್ಕಿದ ಏಕೈಕ ಬಡ್ತಿ ಅದು.

ಪುಸ್ತಕಗಳ ಬಗ್ಗೆ ಎರಡು ಮಾತು, ಯಾರಿಗಾದರೂ ಉಪಯೋಗಕ್ಕೆ ಬಂದರೆ ಬರಲಿ. ಒದ್ದೆಯಾದ ಪುಸ್ತಕಕ್ಕೆ ಸುಮಾರು 48 ಗಂಟೆಯಲ್ಲಿ ಬೂಷ್ಟು ಹಿಡಿಯಲು ತೊಡಗುತ್ತದೆ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಪುಟಗಳ ನಡುವೆ ಹೀರುವ ಕಾಗದವಿಟ್ಟು, ನಿಲ್ಲಿಸಿ, ಫ್ಯಾನಿನ ಗಾಳಿಗೆ ಒಣಗಿಸಬೇಕು. ಎಲ್ಲವನ್ನೂ ಒಟ್ಟಿಗೆ ಒಣಗಿಸಲಾಗದಿದ್ದರೆ ಉಳಿದದ್ದನ್ನು ಫ್ರೀಜರಿಗೆ ಹಾಕಿದರೆ ಬೂಷ್ಟು ಅಲ್ಲಿಗೇ ನಿಲ್ಲುತ್ತದೆ. 1966ರ ನವೆಂಬರ್ 4ರಂದು ಆರ್ನೊ ನದಿ ಫ್ಲಾರೆನ್ಸ್ ನಗರಕ್ಕೆ ನುಗ್ಗಿ ಅಲ್ಲಿನ ರಾಷ್ಟ್ರೀಯ ಗ್ರಂಥಾಲಯವನ್ನು ಕೆಸರಿನಲ್ಲಿ ಮುಳುಗಿಸಿದ ಮೇಲೆ ಒದ್ದೆ ಪುಸ್ತಕಗಳನ್ನು ಉಳಿಸುವ ವಿದ್ಯೆ ಬಹುವಾಗಿ ಬೆಳೆಯಿತು. ನಮ್ಮ ಫ್ರೀಜರಿನಲ್ಲಿ ಹನ್ನೊಂದು ಪುಸ್ತಕ ಹಿಡಿಸಿದವು. ಆ ಹನ್ನೊಂದು ಯಾವುವು ಎಂದು ಆರಿಸಿದವಳು ಹೆಂಡತಿ. ನನ್ನದೊಂದೂ ಅದರಲ್ಲಿರಲಿಲ್ಲ.

ಲೆಕ್ಕ

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು 4,047 ಲೀಟರ್. ನನ್ನ ಹೊಲಕ್ಕೆ ನೀರು ಇಳಿಸುವ ಬೆಟ್ಟದ ಮೈ ಹದಿನೈದು ಎಕರೆಯಷ್ಟಿದೆ. ಅವತ್ತು ಮೂರು ಗಂಟೆಯಲ್ಲಿ ಬಿದ್ದ ಮಳೆ 92 ಮಿಲಿಮೀಟರ್. ಇದು ನನ್ನ ಅಳತೆಯಲ್ಲ, ಪಕ್ಕದ ಶಾಲೆಯ ಮೇಷ್ಟರೊಬ್ಬರು ಅಂಗಳದಲ್ಲಿ ಇಟ್ಟಿದ್ದ ಮಾಪಕದ್ದು. ಗುಣಿಸಿದರೆ ಸುಮಾರು 56 ಲಕ್ಷ ಲೀಟರ್. ನೆನೆದ ನೆಲ ಅದರಲ್ಲಿ ಅರ್ಧವನ್ನು ಹೀರಿತು ಎಂದೇ ಇಟ್ಟುಕೊಳ್ಳೋಣ. ಉಳಿದ 28 ಲಕ್ಷ ಲೀಟರ್ ಎಂದರೆ ಹತ್ತು ಸಾವಿರ ಲೀಟರಿನ 280 ಟ್ಯಾಂಕರ್. ಮೂರು ಗಂಟೆ ಕಾಲ, ಮೂವತ್ತೆಂಟು ಸೆಕೆಂಡಿಗೊಂದು ಟ್ಯಾಂಕರಿನಂತೆ, ನನ್ನ ಮೇಜಿನ ಹಿಂದೆ ತಂದು ಸುರಿದ ಹಾಗೆ. ಆ ರಾತ್ರಿಯ ಮಳೆಯ ಅಂಕಿಯೊಂದನ್ನು ಬಿಟ್ಟರೆ ಈ ಗುಣಾಕಾರಕ್ಕೆ ಬೇಕಾದದ್ದೆಲ್ಲ ಪಾಯ ತೆಗೆಯುವ ಮೊದಲೇ ಲಭ್ಯವಿತ್ತು. ಬೇಕಾಗಿದ್ದದ್ದು ಒಂದು ಹಾಳೆ, ಹತ್ತು ನಿಮಿಷ.

ಅದು ಬರೀ ನೀರಿನ ಪ್ರಮಾಣ. ವೇಗದ್ದು ಬೇರೆಯೇ ಲೆಕ್ಕ. ಹರಿಯುವ ನೀರಿನ ವೇಗ ಇಮ್ಮಡಿಯಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಇಮ್ಮಡಿಯಾಗುವುದಿಲ್ಲ, ಹೆಚ್ಚುಕಡಿಮೆ 64 ಪಟ್ಟಾಗುತ್ತದೆ. ನಾನು ಕೀಳಿಸಿದ ಹುಲ್ಲಿನ ಪಟ್ಟಿ ಮಾಡುತ್ತಿದ್ದ ಕೆಲಸ ಅದೇ: ನೀರನ್ನು ತಡೆಯುತ್ತಿರಲಿಲ್ಲ, ನಿಧಾನ ಮಾಡುತ್ತಿತ್ತು. ನೇರ ಉಳುಮೆಯ ಸಾಲುಗಳು ಅದಕ್ಕೆ ತದ್ವಿರುದ್ಧ ಕೆಲಸ ಮಾಡಿದವು. ನಾನು ಫೋಟೋ ತೆಗೆದಿದ್ದ ಆ ಸಾಲುಗಳಲ್ಲಿ ಒಂದೊಂದೂ ಒಂದು ಪುಟ್ಟ ಕಾಲುವೆಯಾಗಿತ್ತು. ಕೆಳಗಿನ ತಾಕಿನಲ್ಲಿ ಮೊಣಕಾಲುದ್ದದ ಕೊರಕಲು ಬಿದ್ದಿತ್ತು, ಮೆಕ್ಕೆಜೋಳದ ಗಿಡಗಳು ಬೇರು ಬಿಟ್ಟುಕೊಂಡು ಹಳ್ಳದ ಕಡೆಗೆ ತಲೆ ಹಾಕಿ ಮಲಗಿದ್ದವು.

ಹೋದ ಮಣ್ಣಿನ ಲೆಕ್ಕ ಕಣ್ಣಿಗೆ ಕಾಣುವುದಿಲ್ಲ. ಒಂದು ಎಕರೆಯಿಂದ ಒಂದೇ ಒಂದು ಮಿಲಿಮೀಟರ್ ದಪ್ಪದ ಮಣ್ಣು ತೊಳೆದುಹೋದರೆ ಐದು ಟನ್ನಿಗೂ ಮಿಗಿಲು. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಕೋಣೆ ಹೋದದ್ದಕ್ಕೆ ಎಲ್ಲರೂ ಬಂದು ಮಾತಾಡಿಸಿದರು. ಮಣ್ಣು ಹೋದದ್ದಕ್ಕೆ ಮರುಗಿದವರು ಅಕ್ಕ ಒಬ್ಬರೇ. ಹಳ್ಳದ ದಂಡೆಯಲ್ಲಿ ನಿಂತು, ಕೆಂಪು ನೀರನ್ನು ನೋಡಿ, ‘ಎಷ್ಟು ವರ್ಷದ ಗೊಬ್ಬರ’ ಎಂದರು.

ದುರಸ್ತಿ

ಕೋಣೆಯನ್ನು ಮತ್ತೆ ಅಲ್ಲಿ ಕಟ್ಟಲಿಲ್ಲ. ಅಲ್ಲಿ ಈಗ ನೀರಿನ ದಾರಿ ಇದೆ. ಹನ್ನೆರಡು ಅಡಿ ಅಗಲ, ಆಳ ಒಂದು ಅಡಿಗಿಂತ ಕಡಿಮೆ, ತುಂಬ ಹುಲ್ಲು. ಆಳವಾಗಿ ಕಿರಿದಾಗಿ ತೋಡಿದರೆ ಜಾಗ ಉಳಿಯುತ್ತದೆಂದು ನಾನು ವಾದಿಸಿದೆ. ಕಿರಿದಾದರೆ ನೀರು ಓಡುತ್ತದೆ, ಅಗಲವಾದರೆ ನಡೆಯುತ್ತದೆ ಎಂದರು ಅಕ್ಕ. ಇದನ್ನು ಎಲ್ಲೂ ಬರೆದಿಟ್ಟುಕೊಳ್ಳದೆ ಸನಿಕೆ ಹಿಡಿದೆ.

ಬದುಗಳನ್ನು ಸಮಪಾತಳಿಯಲ್ಲಿ ಹಾಕಲು ಬಳಸಿದ ಉಪಕರಣ ಇಷ್ಟೇ: ಏಳಡಿಯ ಎರಡು ಬಿದಿರು, ತುದಿಯಲ್ಲಿ ಕೂಡಿಸಿ ಕಟ್ಟಿದ್ದು; ನಡುವೆ ಅಡ್ಡಪಟ್ಟಿ; ತುದಿಯಿಂದ ಇಳಿಬಿಟ್ಟ ದಾರ, ದಾರಕ್ಕೊಂದು ಕಲ್ಲು. ಮೇಜಿನ ಮೇಲಿದ್ದ ಅದೇ ಕಲ್ಲು. ಅರವತ್ತು ಅಡಿ ಕೆಳಗೆ ಕೆಸರಿನಲ್ಲಿ ಸಿಕ್ಕಿತ್ತು. ಮೊದಲು ಎರಡು ಗೂಟಗಳ ಮೇಲೆ ಚೌಕಟ್ಟನ್ನು ನಿಲ್ಲಿಸಿ ದಾರ ಅಡ್ಡಪಟ್ಟಿಯ ಮೇಲೆ ಎಲ್ಲಿ ಹಾಯುತ್ತದೋ ಅಲ್ಲಿ ಗುರುತು ಹಾಕಬೇಕು. ಆಮೇಲೆ ಕಾಲುಗಳನ್ನು ಅದಲುಬದಲು ಮಾಡಿ ಅದೇ ಗೂಟಗಳ ಮೇಲೆ ನಿಲ್ಲಿಸಿ ಇನ್ನೊಂದು ಗುರುತು. ಎರಡರ ನಟ್ಟನಡುವಿನ ಬಿಂದು ಮಟ್ಟ. ದಾರ ಅಲ್ಲಿಗೆ ಬಂದರೆ ಎರಡೂ ಕಾಲು ಸಮನಾದ ಎತ್ತರದಲ್ಲಿವೆ ಎಂದರ್ಥ. ಹಾಗೆ ಒಂದೊಂದು ಹೆಜ್ಜೆ ತಿರುಗಿಸುತ್ತ ಗೂಟ ನೆಡುತ್ತ ಹೋದರೆ ಹೊಲಕ್ಕೆ ಅಡ್ಡಲಾಗಿ ಒಂದು ಗೆರೆ ಮೂಡುತ್ತದೆ. ಗಾಳಿ ಬಂದರೆ ಕಲ್ಲು ತೂಗುತ್ತದೆ, ನಿಲ್ಲುವವರೆಗೆ ಕಾಯಬೇಕು. ಒಂದು ಎಕರೆಗೆ ಒಂದು ಇಡೀ ದಿನ ಹಿಡಿಯಿತು. ಗೆರೆ ನನ್ನ ಕಣ್ಣಿಗೆ ಎಲ್ಲೂ ಮಟ್ಟವಾಗಿ ಕಾಣಲಿಲ್ಲ. ಮುಂದಿನ ಮಳೆಯಲ್ಲಿ ನೀರು ಬದುವಿನ ಉದ್ದಕ್ಕೂ ಒಂದೇ ಎತ್ತರದಲ್ಲಿ ನಿಂತಿತು.

ಬದುವಿನ ಮೇಲೆ ಲಾವಂಚ ನೆಟ್ಟಿದ್ದೇವೆ. ಅದರ ಬೇರು ಪಕ್ಕಕ್ಕೆ ಹಬ್ಬದೆ ನೇರ ಕೆಳಗಿಳಿಯುತ್ತದೆ, ಎರಡು ಮೂರು ಮೀಟರಿನವರೆಗೂ. ಬೆಳೆಗೆ ತೊಂದರೆಯಿಲ್ಲ. ಅಂದ? ಈಗಲೂ ಇಲ್ಲ.

ಬರಹದ ಸ್ಥಿತಿ

ಅಂಕಣ ನಿಲ್ಲಿಸಿದೆ. ಸಂಪಾದಕರು ಪ್ರವಾಹದ ಬಗ್ಗೆ ಇನ್ನೂ ನಾಲ್ಕು ಕಂತು ಕೇಳಿದ್ದರು. ಎರಡು ಕೊಟ್ಟೆ, ಮೇಲೆ ಹೇಳಿದ ಆ ಎರಡು. ಮೂರನೆಯದನ್ನು ಬರೆಯಲು ಕುಳಿತಾಗ ‘ನೀರು ಕ್ಷಮಿಸುವುದಿಲ್ಲ’ ಎಂಬ ವಾಕ್ಯ ಕೈಯಿಂದ ಬಂತು. ನೀರಿಗೂ ಕ್ಷಮೆಗೂ ಏನು ಸಂಬಂಧ ಎಂದು ಅರ್ಧ ಗಂಟೆ ಕುಳಿತು ಯೋಚಿಸಿ ಪೆನ್ನು ಮುಚ್ಚಿದೆ.

ಒಂದು ಮಳೆಮಾಪಕ ತಂದೆ. ಬೆಳಿಗ್ಗೆ ಎಂಟೂವರೆಗೆ ನೋಡಿ ಅಂಕಿ ಬರೆಯುತ್ತೇನೆ. ಮೊದಲಿನ ದಿನಚರಿಯಲ್ಲಿ ಮಳೆ ಧೋ ಎಂದು ಸುರಿಯುತ್ತಿತ್ತು, ಬಿಕ್ಕಿ ಬಿಕ್ಕಿ ಅಳುತ್ತಿತ್ತು, ಒಮ್ಮೆ ಜೋಗುಳ ಕೂಡ ಹಾಡಿತ್ತು. ಈಗಿನದರಲ್ಲಿ 4, 0, 0, 17, 31. ಇದರಿಂದ ನಾನು ಒಳ್ಳೆಯ ಬರಹಗಾರನಾದೆ ಎಂದೇನೂ ಇಲ್ಲ. ಒಂದು ಬದಲಾವಣೆ ಮಾತ್ರ ಖಚಿತವಾಗಿ ಹೇಳಬಲ್ಲೆ: ಬಿತ್ತನೆಗೆ ಮುನ್ನ ಮಣ್ಣಿನ ಹದ ನೋಡುವುದು ಬಂದಿದೆ. ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ ಬಿಟ್ಟರೆ ಉಂಡೆ ನಿಲ್ಲಬೇಕು. ಹೆಬ್ಬೆರಳಿನಿಂದ ಮೆಲ್ಲನೆ ತಾಗಿಸಿದರೆ ಉದುರಬೇಕು. ನಿಲ್ಲದಿದ್ದರೆ ಒಣಗಿದೆ. ಉದುರದೆ ಅಂಟಿಕೊಂಡರೆ ಇನ್ನೂ ಎರಡು ದಿನ ಕಾಯಬೇಕು. ಹದ ಎಂಬ ಪದವನ್ನು ನಾನು ಹತ್ತೊಂಬತ್ತು ವರ್ಷ ವಿಮರ್ಶೆಗಳಲ್ಲಿ ತಿದ್ದಿ ತಿದ್ದಿ ಕೂರಿಸಿದ್ದೆ. ಅದು ಕೈಗೆ ಹೀಗೆ ತಾಗುತ್ತದೆಂದು ಗೊತ್ತಿರಲಿಲ್ಲ.

ನಗರದಲ್ಲಿ ನನ್ನ ಕಷ್ಟ ಸಮಯದ್ದೂ ಆಗಿರಲಿಲ್ಲ, ಗದ್ದಲದ್ದೂ ಆಗಿರಲಿಲ್ಲ. ಸುದ್ದಿಮನೆಯಲ್ಲಿ ತಪ್ಪು ಅಚ್ಚಾದರೆ ಮರುದಿನ ಒಳಪುಟದಲ್ಲಿ ಎರಡು ಸಾಲಿನ ತಿದ್ದುಪಡಿ ಹಾಕಿದರೆ ಮುಗಿಯಿತು. ಯಾರ ಯಾವ ವಾಕ್ಯವನ್ನೂ ನಂಬಿ ನಾನು ನೆಲ ಅಗೆಯಬೇಕಾಗಿರಲಿಲ್ಲ, ನನ್ನ ವಾಕ್ಯ ನಂಬಿ ಯಾರೂ ಅಗೆಯುತ್ತಿರಲಿಲ್ಲ. ಕಿವಿಗೆ ಆ ಅಭ್ಯಾಸವೇ ಇರಲಿಲ್ಲ. ಹಳ್ಳಿಗೆ ಬಂದದ್ದರಿಂದ ಅದು ಸರಿಹೋಗಲಿಲ್ಲ, ಮೂರು ವರ್ಷ ಇನ್ನೂ ಕೆಟ್ಟಿತು; ಏಕೆಂದರೆ ಇಲ್ಲಿ ಕೇಳಿದ್ದೆಲ್ಲ ಬರೆಯಲು ಯೋಗ್ಯವಾಗಿ ಕೇಳಿಸಿತು. ಹೆಂಡತಿಯ ಅಭಿಪ್ರಾಯ ಬೇರೆ. ನಾನು ನಗರದಲ್ಲಿದ್ದಾಗಲೂ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ಇದಕ್ಕೆ ಕಾರಣ ಹುಡುಕುವ ಅಗತ್ಯವೇ ಇಲ್ಲ ಎನ್ನುತ್ತಾಳೆ. ಪ್ರಕರಣದ ಎರಡನೆಯ ಸಾಕ್ಷಿಯ ಹೇಳಿಕೆಯಾದ್ದರಿಂದ ದಾಖಲಿಸಿದ್ದೇನೆ.

ಹೋದ ವಾರದ ಒಂದು ರಾತ್ರಿ. ಕೊಯ್ದ ಮೆಕ್ಕೆಜೋಳ ಕಣದಲ್ಲಿ ರಾಶಿ ಬಿದ್ದಿತ್ತು. ಆಕಾಶ ತಿಳಿಯಾಗಿತ್ತು, ನಕ್ಷತ್ರಗಳಿದ್ದವು. ಅಕ್ಕ ತಮ್ಮ ಹೊಲದಿಂದ ಮನೆಗೆ ಹೋಗುವವರು ಬೇಲಿಯ ಬಳಿ ನಿಂತು, ‘ತಮ್ಮ, ನಿನ್ನ ಹಳೇ ಬಾವಿ ಉಸಿರು ಬಿಡುತ್ತಿದೆ, ನೋಡಿದೆಯಾ?’ ಎಂದು ಕೇಳಿ ಮುಂದೆ ನಡೆದರು.

ದಿನಚರಿ ಮೇಜಿನ ಮೇಲಿತ್ತು. ಟಾರ್ಚ್ ತೆಗೆದುಕೊಂಡು ಹೊರಟೆ. ಹಳೆಯ ಕೊಳವೆಬಾವಿಯ ಬಾಯಿಗೆ ಮುಚ್ಚಳ ಹಾಕಿ ಎರಡು ವರ್ಷವಾಗಿದೆ, ಪಕ್ಕದಲ್ಲಿ ಬೆರಳಗಲದ ಸಂದಿ ಇದೆ. ಅದರ ಮೇಲೆ ಅಂಗೈ ಇಟ್ಟೆ. ತಣ್ಣನೆಯ, ಮಣ್ಣಿನ ವಾಸನೆಯ ಗಾಳಿ ಒಳಗಿನಿಂದ ಸಣ್ಣಗೆ, ಬಿಡದೆ ಹೊರಗೆ ಬರುತ್ತಿತ್ತು. ಸಂದಿಯ ಮೇಲೆ ಒಣ ಎಲೆಯೊಂದನ್ನು ಇಟ್ಟು ನೋಡಿದೆ, ಅದು ಎದ್ದು ಪಕ್ಕಕ್ಕೆ ಬಿತ್ತು. ಮಳೆ ಮೋಡ ಹತ್ತಿರ ಬಂದಾಗ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ. ಒಣ ಪದರಗಳ ನಡುವೆ ಸಿಕ್ಕಿಕೊಂಡ ಗಾಳಿ ಬಾವಿಯ ಮೂಲಕ ಹೊರಗೆ ಬರುತ್ತದೆ. ಹವೆ ತಿಳಿಯಾದರೆ ತಿರುಗಿ ಒಳಗೆ ಎಳೆದುಕೊಳ್ಳುತ್ತದೆ.

ಮನೆಗೆ ಓಡಿದೆ. ಟಾರ್ಪಾಲಿನ ಇನ್ನೊಂದು ತುದಿ ಹಿಡಿಯಲು ಹೆಂಡತಿಯನ್ನು ಎಬ್ಬಿಸಿದೆ.